ಸಹಾಯ ಬೇಕು: 1870ರ ಹಿಂದಕ್ಕೆ ದಾರಿ ಸಿಗುತ್ತಿಲ್ಲ

ಅಮೆರಿಕದ ಅಲಬಾಮಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಅವರ ವಂಶಾವಳಿ ಹುಡುಕಿಕೊಡುತ್ತಿದ್ದೇನೆ. ಅವರ ಮೂಲ ವಿಲ್ಕಾಕ್ಸ್ ಕೌಂಟಿಯ ಗೀಸ್ ಬೆಂಡ್. 1870ರ ಜನಗಣತಿಯಲ್ಲಿ ಅವರ ಮುತ್ತಜ್ಜ ಸಿಕ್ಕಿದರು, ವಯಸ್ಸು 22. ಆ ಸಾಲಿನ ಮೇಲೆ ಬೆರಳಿಟ್ಟು ಅಜ್ಜಿ ಬಹಳ ಹೊತ್ತು ಸುಮ್ಮನೆ ಕುಳಿತರು. ಅದರ ಹಿಂದೆ ಬರೀ ಕತ್ತಲೆ, ಏಕೆಂದರೆ ಆಗ ಅವರು ಗುಲಾಮರಾಗಿದ್ದರು. 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಮಾಲೀಕನ ಹೆಸರಿದೆ. ಗುಲಾಮರದು ವಯಸ್ಸು, ಲಿಂಗ, ಬಣ್ಣ ಮಾತ್ರ. ಆಗ ಮುತ್ತಜ್ಜನಿಗೆ 12 ಇರಬೇಕು, ಆದರೆ 12 ವರ್ಷದ ಹುಡುಗರು ಮೂವರಿದ್ದಾರೆ! ಮನೆತನದ ಹೆಸರೂ ನೆರವಾಗುತ್ತಿಲ್ಲ, ಅಲ್ಲಿ ಎಷ್ಟೋ ಕುಟುಂಬಗಳಿಗೆ ತೋಟದ ಮಾಲೀಕನ ಪೆಟ್‌ವೇ ಎಂಬ ಹೆಸರೇ ಉಳಿದಿದೆ.

ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಮೂವರಲ್ಲಿ ಇವರು ಯಾರೆಂದು ಗುರುತಿಸಲು ಮೊದಲು ಕೌಂಟಿ ಕೇಂದ್ರವಾದ ಕ್ಯಾಮ್ಡೆನ್‌ನ ನ್ಯಾಯಾಲಯದಲ್ಲಿ ಮಾಲೀಕರ ಉಯಿಲು, ಆಸ್ತಿ ಪಟ್ಟಿಗಳನ್ನು ನೋಡಬೇಕೇ ಅಥವಾ ಫ್ರೀಡ್‌ಮೆನ್ಸ್ ಬ್ಯೂರೋದ (ಬಿಡುಗಡೆಯಾದ ಗುಲಾಮರ ನೆರವಿಗಿದ್ದ ಸರ್ಕಾರಿ ಕಚೇರಿ) ಕೂಲಿ ಒಪ್ಪಂದಗಳನ್ನೇ?