ಪ್ಯಾರಿಸ್ ಫ್ಲೋರ್ ಫೈನಲ್: ನಾಲ್ಕು ಸೆಕೆಂಡು, 0.1 ಅಂಕ, ಒಂದು ಬಿಳಿ ಗೆರೆ

ಫ್ಲೋರ್_ಪ್ರೇಮಿ:
ಪ್ಯಾರಿಸ್ ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ 2024ರ ಆಗಸ್ಟ್ 5ರ ಮಹಿಳೆಯರ ಫ್ಲೋರ್ ಫೈನಲ್ ಬಗ್ಗೆ ಕೇಳಬೇಕಿತ್ತು. ಅಮೆರಿಕದ ಜೋರ್ಡನ್ ಚೈಲ್ಸ್‌ಗೆ ಮೊದಲು ಸಿಕ್ಕಿದ್ದು 13.666, ಐದನೇ ಸ್ಥಾನ. ಕೋಚ್ ಇನ್‌ಕ್ವೈರಿ, ಅಂದರೆ ಅಂಕದ ಮರುಪರಿಶೀಲನೆ, ಕೇಳಿದ ಮೇಲೆ 13.766, ಕಂಚು. ಐದು ದಿನದ ನಂತರ ಕ್ರೀಡಾ ನ್ಯಾಯಮಂಡಳಿ ಸಿಎಎಸ್ ಅದನ್ನು ರದ್ದು ಮಾಡಿತು. ಪದಕ 13.700 ಗಳಿಸಿದ್ದ ರೊಮೇನಿಯಾದ ಆನಾ ಬರ್ಬೊಸು ಪಾಲಾಯಿತು. ಆ 0.1 ಎಲ್ಲಿಂದ ಬಂತು? ಅದು ನ್ಯಾಯವಾಗಿ ಸಲ್ಲಬೇಕಾದ ಅಂಕವೇ ಆಗಿದ್ದರೆ, ನಾಲ್ಕು ಸೆಕೆಂಡು ತಡವಾಯಿತೆಂದು ಕಿತ್ತುಕೊಳ್ಳುವುದು ಸರಿಯೇ?

ಎಂಟು_ಅಂಶ:
0.1 ಬಂದದ್ದು ಡಿ ಸ್ಕೋರ್‌ನಿಂದ, ಅಂದರೆ ಕಷ್ಟದ ಅಂಕದಿಂದ. ಫ್ಲೋರ್‌ನಲ್ಲಿ ಎಂಟು ಅಂಶಗಳು ಲೆಕ್ಕಕ್ಕೆ ಬರುತ್ತವೆ. ಪ್ರತಿ ಅಂಶಕ್ಕೂ ಕಷ್ಟಕ್ಕೆ ತಕ್ಕ ಅಕ್ಷರವಿದೆ: ಎ ಅಂದರೆ 0.1, ಬಿ ಅಂದರೆ 0.2, ಹೀಗೆ ಅಕ್ಷರಕ್ಕೊಂದು 0.1 ಏರುತ್ತದೆ. ತಿರುಗುತ್ತಾ ಹಾರುವ ಲೀಪ್‌ನಲ್ಲಿ ಸುತ್ತು ಪೂರ್ತಿಯಾಗಲಿಲ್ಲ ಎಂದು ಡಿ ಜಡ್ಜ್‌ಗಳಿಗೆ ಕಂಡರೆ, ಆ ಅಂಶವನ್ನು ಕಡಿಮೆ ಬೆಲೆಯದ್ದೆಂದು ಬರೆದುಕೊಳ್ಳುತ್ತಾರೆ. ನೆಲ ಮುಟ್ಟುವಾಗ ಭುಜ ಮತ್ತು ಸೊಂಟ ಯಾವ ಕಡೆಗಿವೆ ಎಂಬುದೇ ಮುಖ್ಯ. ಚೈಲ್ಸ್‌ರ ಒಂದು ಲೀಪ್‌ಗೆ ಪೂರ್ತಿ ಬೆಲೆ ಸಿಕ್ಕಿರಲಿಲ್ಲ. ಮರುಪರಿಶೀಲನೆಯಲ್ಲಿ ಅದು ಸಿಕ್ಕಿ, ಡಿ 5.8 ಇದ್ದದ್ದು 5.9 ಆಯಿತು.

ಇನ್‌ಕ್ವೈರಿ ಮಾಡಲು ಬರುವುದು ಡಿ ಸ್ಕೋರ್‌ಗೆ ಮಾತ್ರ, ಇ ಸ್ಕೋರ್ ಅನ್ನು, ಅಂದರೆ ಎಷ್ಟು ಚೊಕ್ಕವಾಗಿ ಮಾಡಿದರು ಎಂಬ ಅಂಕವನ್ನು, ಪ್ರಶ್ನಿಸುವಂತಿಲ್ಲ. ಮೊದಲು ಬಾಯಿಮಾತಲ್ಲಿ ಕೇಳಬೇಕು, ಆಮೇಲೆ 4 ನಿಮಿಷದೊಳಗೆ ಬರಹದಲ್ಲಿ ಕೊಡಬೇಕು. ಮೊದಲ ಇನ್‌ಕ್ವೈರಿಗೆ 300 ಡಾಲರ್, ಎರಡನೆಯದಕ್ಕೆ 500, ಮೂರನೆಯದಕ್ಕೆ 1000. ಗೆದ್ದರೆ ಹಣ ವಾಪಸ್. ಸಾಮಾನ್ಯವಾಗಿ ಮುಂದಿನವರ ಅಂಕ ಪರದೆಗೆ ಬರುವವರೆಗೆ ಸಮಯ ಇರುತ್ತದೆ. ಕೊನೆಯವರ ಹಿಂದೆ ಯಾರೂ ಇಲ್ಲವಲ್ಲ, ಅದಕ್ಕೇ ಅವರಿಗೆ ಒಂದೇ ನಿಮಿಷ. ಚೈಲ್ಸ್ ಕೊನೆಯವರು. ಇಡೀ ಜಗಳ ಹುಟ್ಟಿದ್ದು ಇಲ್ಲಿಯೇ.

ಗಡಿಯಾರ:
ಸಿಎಎಸ್ ಆ ಲೀಪ್ ಸರಿಯೋ ತಪ್ಪೋ ಎಂಬುದಕ್ಕೆ ಕೈಹಾಕಲಿಲ್ಲ, ನೋಡಿದ್ದು ಸಮಯವನ್ನು ಮಾತ್ರ. ದಾಖಲೆಯಲ್ಲಿದ್ದದ್ದು 1 ನಿಮಿಷ 4 ಸೆಕೆಂಡು. 47ನೇ ಸೆಕೆಂಡಿಗೆ ಒಮ್ಮೆ, 55ನೇ ಸೆಕೆಂಡಿಗೆ ಇನ್ನೊಮ್ಮೆ ಕೇಳಿದ್ದೆವು ಎಂದು ಅಮೆರಿಕದವರು ತೀರ್ಪಿನ ನಂತರ ವಿಡಿಯೊ ಕೊಟ್ಟರು. ತೀರ್ಪನ್ನು ಮತ್ತೆ ತೆರೆಯಲು ಸಿಎಎಸ್ ಒಪ್ಪಲಿಲ್ಲ, ಹಾಗಾಗಿ ಸೆಪ್ಟೆಂಬರ್‌ನಲ್ಲಿ ಚೈಲ್ಸ್ ಸ್ವಿಸ್ ಫೆಡರಲ್ ನ್ಯಾಯಾಲಯಕ್ಕೆ ಹೋದರು.

ನನಗೆ ಕೋಪ ಬರುವುದು ನಿಯಮದ ಮೇಲಲ್ಲ. ಒಂದು ನಿಮಿಷ ಮುಗಿದಿದೆ ಎಂದು ಆ ಕ್ಷಣದಲ್ಲೇ ಹೇಳುವ ವ್ಯವಸ್ಥೆ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಎಫ್‌ಐಜಿ ಬಳಿ ಇರಲಿಲ್ಲ. ಇನ್‌ಕ್ವೈರಿಯನ್ನು ಸ್ವೀಕರಿಸಿ, ಅಂಕ ಬದಲಿಸಿ, ಪದಕವನ್ನೂ ಕೊರಳಿಗೆ ಹಾಕಿದ ಮೇಲೆ ತಡವಾಗಿತ್ತು ಎಂದರೆ, ಆ ತಪ್ಪಿಗೆ ದಂಡ ಕಟ್ಟಿದ್ದು ಇಬ್ಬರು ಹುಡುಗಿಯರು. ಬರ್ಬೊಸು ಮೊದಲು ತಾನೇ ಮೂರನೆಯವಳೆಂದು ಧ್ವಜ ಹಿಡಿದು ಸಂಭ್ರಮಿಸಿದ್ದಳು, ಅದನ್ನು ಮರೆಯಬೇಡಿ.

ಬಿಳಿ_ಗೆರೆ:
ಮೂರನೆಯವಳನ್ನೂ ಸೇರಿಸಿ. ರೊಮೇನಿಯಾದವಳೇ ಆದ ಸಬ್ರಿನಾ ಮನೇಕಾ-ವೊಯ್ನೆಯಾಗೂ 13.700. ಇ ಸ್ಕೋರ್ ಹೆಚ್ಚಿದ್ದರಿಂದ ಬರ್ಬೊಸು ಮುಂದೆ ಬಂದಳು. ಆದರೆ ಸಬ್ರಿನಾಗೆ ಗೆರೆ ದಾಟಿದ್ದಕ್ಕೆ 0.1 ಕಡಿತವಾಗಿತ್ತು. ಕಾಲು ಹೊರಗೆ ಹೋಗಲೇ ಇಲ್ಲ ಎಂಬುದು ರೊಮೇನಿಯಾದ ವಾದ. ಆ ಕಡಿತ ಇಲ್ಲದಿದ್ದರೆ 13.800, ಅಂದರೆ ಚೈಲ್ಸ್‌ರ ಏರಿದ ಅಂಕಕ್ಕಿಂತಲೂ ಮೇಲೆ! ಮೈದಾನದ ತೀರ್ಪಿನಲ್ಲಿ ತಲೆಹಾಕುವುದಿಲ್ಲ ಎಂದು ಸಿಎಎಸ್ ಅವಳ ಅರ್ಜಿಯನ್ನು ತಳ್ಳಿಹಾಕಿತು.

12 ಮೀಟರ್ ಚೌಕದಿಂದ ಒಂದು ಪಾದ ಹೊರಗೆ ಬಿದ್ದರೆ 0.1, ಎರಡೂ ಬಿದ್ದರೆ 0.3. ಅದೇ ಫೈನಲ್‌ನಲ್ಲಿ ಸಿಮೋನ್ ಬೈಲ್ಸ್ ಹೀಗೆ 0.6 ಕಳೆದುಕೊಂಡು 14.133ಕ್ಕೆ ಇಳಿದರು, ರೆಬೆಕಾ ಆಂಡ್ರಾಡೆ 14.166ರಿಂದ ಚಿನ್ನ ಗೆದ್ದರು.

ಫ್ಲೋರ್_ಪ್ರೇಮಿ:
ಹಾಗಾದರೆ ಗೆರೆಯ ಕಡಿತವನ್ನು ಕೋಚ್ ಪ್ರಶ್ನಿಸುವಂತೆಯೇ ಇಲ್ಲವೇ?

ಎಂಟು_ಅಂಶ:
ಪ್ರಶ್ನಿಸಬಹುದು. ಗೆರೆ ಮತ್ತು ಸಮಯದ ಕಡಿತವನ್ನು ಮರುಪರಿಶೀಲಿಸಿ ಎಂದು ಮೇಲಿನ ಜ್ಯೂರಿಯನ್ನು ಕೇಳುವ ಹಕ್ಕು ಕೋಚ್‌ಗಿದೆ, ಆದರೆ ಅದು ಡಿ ಸ್ಕೋರ್ ಇನ್‌ಕ್ವೈರಿಗಿಂತ ಬೇರೆ. ಡಿ ಬಗ್ಗೆ ಕೇಳಿದರೆ ಗೆರೆಯನ್ನೂ ನೋಡುತ್ತಾರೆ ಅಂದುಕೊಳ್ಳಬಾರದು. ಅಂಕ ಬಂದ ತಕ್ಷಣ ಒಟ್ಟು ಅಂಕ ನೋಡುತ್ತಾ ಕೂರದೆ ಡಿ, ಇ, ಪೆನಾಲ್ಟಿ ಮೂರನ್ನೂ ಬಿಡಿಸಿ ಓದಬೇಕು. ಡಿ ನಿಮ್ಮ ಲೆಕ್ಕಕ್ಕಿಂತ ಕಡಿಮೆ ಇದ್ದರೆ ಇನ್‌ಕ್ವೈರಿ, ಪೆನಾಲ್ಟಿ ಅನುಮಾನವಿದ್ದರೆ ಗೆರೆಯ ಪರಿಶೀಲನೆ. ಡಿ ಎಷ್ಟು ಬರಬೇಕೆಂಬ ಲೆಕ್ಕ ಸಂಗೀತ ಶುರುವಾಗುವ ಮೊದಲೇ ಕೋಚ್ ಕೈಯಲ್ಲಿರಬೇಕು. ಕೊನೆಯ ಸ್ಪರ್ಧಿಯಾದರೆ ಅಂಕ ಬಂದ ಮೇಲೆ ಕೂಡಿ ಕಳೆಯುತ್ತಾ ನಿಂತರೆ ಆ ಅರವತ್ತು ಸೆಕೆಂಡು ಸಾಲುವುದಿಲ್ಲ.