ಬಾವಿ ಪಂಪು: ಪಟ್ಟಿ ಹಾಕೋ ಮುಂಚೆ ಒಮ್ಮೆ ನೋಡೋಣ

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ್ರಿ. ಬಡಾವಣೆಯ ಬಾವಿ ಪಂಪು ಕೈಕೊಟ್ಟಿದೆ. ಮೇಲಿನ ಟ್ಯಾಂಕ್ ತುಂಬೋಕೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತಿದೆ. ಮೆಕ್ಯಾನಿಕ್ ನೋಡಿ, ಹೊಸದೇ ತನ್ನಿ ಅಂದಿದ್ದಾನೆ. ಮನೆಗಿಷ್ಟು ಅಂತ ಪಟ್ಟಿ ಹಾಕಬೇಕಾ, ಹೇಳಿ.

ಹಿಂದಿನ ಗಲ್ಲಿ ಅಕ್ಕ: ಪಟ್ಟಿ ಕೊಡುತ್ತೇವೆ ಸರ್. ಆದರೆ ಹೊಸ ಪಂಪೂ ಹಿಂಗೇ ಆದ್ರೆ? ಈಗಿನದು ತಗಡಿನ ಡಬ್ಬಿಯಲ್ಲಿ ಜಲ್ಲಿಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತಿದೆ.

ಮೂಲೆಮನೆ ಕಾಕಾ: ಅಕ್ಕ ಹೇಳಿದ ಸದ್ದೇ ಮುಖ್ಯ. ಕಾರ್ಖಾನೆಯ ಪಂಪ್‌ಹೌಸ್‌ನಲ್ಲಿ ಇದ್ದವನು ನಾನು, ಆ ಸದ್ದು ಗೊತ್ತು. ಪಂಪಿಗೆ ಸಕ್ಷನ್ ಕಡೆಯಿಂದ, ಅಂದರೆ ನೀರು ಹೀರುವ ಪೈಪಿನಿಂದ, ನೀರು ಸಾಲದಿದ್ದಾಗ ಒಳಗೆ ಒತ್ತಡ ಕುಸಿಯುತ್ತದೆ, ನೀರು ಆವಿಯ ಗುಳ್ಳೆಯಾಗುತ್ತದೆ, ಮುಂದೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ) ಮೇಲೆ ಆ ಗುಳ್ಳೆ ಒಡೆಯುತ್ತದೆ. ಕ್ಯಾವಿಟೇಷನ್ ಅನ್ನುತ್ತಾರೆ. ಸುಮ್ನೆ ಬಿಟ್ಟರೆ ಇಂಪೆಲ್ಲರ್ ತೂತು ತೂತಾಗುತ್ತದೆ. ಹೊಸದು ಕೂಡಿಸಿದರೂ ಅಷ್ಟೇ.

ಒಂದು ಪರೀಕ್ಷೆ ಮಾಡಿ. ಪಂಪು ಓಡುವಾಗ ನೀರು ಹೊರಹೋಗುವ ಪೈಪಿನ ಡೆಲಿವರಿ ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬನ್ನಿ. ಸದ್ದು ಇಳಿದರೆ ತೊಂದರೆ ಸಕ್ಷನ್‌ನಲ್ಲಿದೆ. ಇಳಿಯದೆ ಗರಗರ ಅಂತಲೇ ಇದ್ದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಪೂರ್ತಿ ಮುಚ್ಚಿ ಓಡಿಸಬೇಡಿ, ಒಳಗಿನ ನೀರು ಬಿಸಿಯಾಗುತ್ತದೆ.

ಇನ್ನೊಂದು. ಮೊನ್ನೆ ತ್ರೀ ಫೇಸ್ ವೈರ್ ಬಿಚ್ಚಿ ಕಟ್ಟಿದರಲ್ವಾ? ಎರಡು ಫೇಸ್ ಅದಲು ಬದಲಾಗಿದ್ದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಆಗಲೂ ನೀರು ಬರುತ್ತದೆ, ಕಡಿಮೆ ಬರುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಪಂಪಿನ ಮೇಲೆ ಬಾಣದ ಗುರುತು ಇರುತ್ತದೆ, ಹೋಲಿಸಿ.

ಎದುರುಮನೆ ತಮ್ಮ: ಕಾಕಾ, ಈಗ ನೋಡಿ ಬಂದೆ. ಬಾಣ ಸರಿಯಾಗಿದೆ. ವಾಲ್ವ್ ಅರ್ಧ ಮುಚ್ಚಿದ ಕೂಡಲೇ ಸದ್ದು ಬಹಳ ಇಳಿಯಿತು! ಶಾಫ್ಟ್ (ತಿರುಗೋ ದಂಡ) ಹೊರಬರೋ ಕಡೆ, ಗ್ಲ್ಯಾಂಡ್ ಹತ್ತಿರ ನೀರು ತೊಟ್ಟಿಕ್ಕುತ್ತಿದೆ, ಬಿಗಿ ಮಾಡಲಾ?

ಮೂಲೆಮನೆ ಕಾಕಾ: ಬ್ಯಾಡಪ್ಪಾ. ಹಗ್ಗದ ಪ್ಯಾಕಿಂಗ್ ಇರೋ ಪಂಪಿನಲ್ಲಿ ಹನಿ ಬೀಳಲೇಬೇಕು. ಆ ನೀರೇ ಶಾಫ್ಟ್‌ ತಣ್ಣಗಿಡುತ್ತದೆ. ಧಾರೆಯಾಗಿ ಸುರಿದರೆ ಮಾತ್ರ ಬಿಗಿ ಮಾಡು. ಈಗ ಬಾವಿಗೆ ಒಂದು ಹಗ್ಗ ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಅಳೆ.

ಎದುರುಮನೆ ತಮ್ಮ: ಪಂಪಿನಿಂದ ನೀರಿನ ತನಕ ಏಳೂವರೆ ಮೀಟರ್ ಬಂತು.

ಮೂಲೆಮನೆ ಕಾಕಾ: ಸಿಕ್ಕಿತು ನೋಡಿ. ಗಾಳಿಯ ಒತ್ತಡ ನೀರನ್ನು ಮೇಲೆತ್ತುವುದು ಲೆಕ್ಕದಲ್ಲಿ ಸುಮಾರು 10 ಮೀಟರ್. ಪೈಪು, ಬೆಂಡು, ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ತಿನ್ನುವುದು ಕಳೆದರೆ ಕೈಗೆ ಸಿಗೋದು 6–7 ಮೀಟರ್ ಅಷ್ಟೇ. ನಮ್ಮ ಬಿಸಿಲಿಗೆ ಬಾವಿ ಇಳಿದಿದೆ, ಪಂಪು ಮಾತ್ರ ಅಲ್ಲೇ ಕೂತಿದೆ. ಬಾವಿಯ ಒಳಗಿನ ಕಟ್ಟೆಗೆ ಅದನ್ನು ಇಳಿಸಬೇಕು. ಮಳೆಗಾಲಕ್ಕೆ ಮುಂಚೆ ಮತ್ತೆ ಮೇಲೆತ್ತಬೇಕು, ಇಲ್ಲಾಂದ್ರೆ ಮೋಟಾರ್ ಮುಳುಗುತ್ತದೆ. ಫುಟ್‌ವಾಲ್ವ್ ಜಾಲರಿಯನ್ನೂ ತೊಳೆಯಿರಿ.

ಹಿಂದಿನ ಗಲ್ಲಿ ಅಕ್ಕ: ಹಂಗಾದ್ರೆ ಹೊಸ ಪಂಪಿನ ಪಟ್ಟಿ ಬೇಡ ಅಲ್ವಾ?

ಕಾರ್ಯದರ್ಶಿ: ಸದ್ಯ ಬೇಡ್ರಿ. ಪೈಪು, ಕೇಬಲ್, ಚೈನ್‌ಪುಲ್ಲಿ ಬಾಡಿಗೆಯಷ್ಟೇ ಖರ್ಚು. ಭಾನುವಾರ ಬೆಳಿಗ್ಗೆ ಬಿಸಿಲೇರೋ ಮುಂಚೆ ಇಳಿಸೋಣ. ಮೇನ್ ಸ್ವಿಚ್ ತೆಗೆದು ಫ್ಯೂಸ್ ಕಾಕಾ ಕೈಯಲ್ಲೇ ಇರಲಿ. ಭಾರ ಎತ್ತೋರು ನಾಲ್ಕೈದು ಜನ ಬೇಕು. ಬರೋರು ಇಲ್ಲೇ ಮನೆ ನಂಬರ್ ಹಾಕಿ.