ಬ್ಯಾಡ್ಜರ್ ಕೂದಲಿನ ಶೇವಿಂಗ್ ಬ್ರಷ್ ಒರಟಾಗಿದೆ, ಬುಡದಲ್ಲಿ ಬಿಳಿ ಪದರ: ಹೇಗೆ ತೊಳೆಯಲಿ?

ಯಲಹಂಕದವನು ಬರೆದದ್ದು:

ನನ್ನ ಬಳಿ ಬ್ಯಾಡ್ಜರ್ ಎಂಬ ಕಾಡುಪ್ರಾಣಿಯ ಕೂದಲಿನ ಬ್ರಷ್ ಇದೆ, ಬಿಳಿ ತುದಿಯ ಸಿಲ್ವರ್‌ಟಿಪ್ ದರ್ಜೆಯದು. ಇಂಗ್ಲೆಂಡಿನಲ್ಲಿರುವ ಅಕ್ಕ ಮದುವೆಯ ಉಡುಗೊರೆಯಾಗಿ ಕೊಟ್ಟದ್ದು. ಕಾವೇರಿ ನೀರು ಬರುತ್ತಿದ್ದ ಹಳೆಯ ಮನೆಯಲ್ಲಿ ಅದು ಕೆನ್ನೆಗೆ ತಾಗಿದ್ದೇ ತಿಳಿಯದಷ್ಟು ಮೃದುವಾಗಿತ್ತು. ಈಗಿರುವ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೂ ನಲ್ಲಿಯ ಬಾಯಿಗೂ ಬಿಳಿ ಕಟ್ಟುತ್ತದೆ. ಬ್ರಷ್ಷಿನ ಬುಡದಲ್ಲಿಯೂ ಅಂಥದ್ದೇ ಪದರ ಕೂತಿದೆ. ಕೂದಲಿನ ತುದಿಗಳು ನಾಲ್ಕೈದರಂತೆ ಅಂಟಿಕೊಂಡು ಚುಚ್ಚುತ್ತವೆ, ಎಷ್ಟು ತಿರುಗಿಸಿದರೂ ನೊರೆ ತೆಳ್ಳಗೇ ಉಳಿಯುತ್ತದೆ. ಒಣಗಿದ ಮೇಲೆ ಮೂಗಿನ ಹತ್ತಿರ ಹಿಡಿದರೆ ಸ್ವಲ್ಪ ಮುಗ್ಗಲು ವಾಸನೆಯೂ ಇದೆ.

ಮನೆಯಲ್ಲಿ ಒಬ್ಬರು ಕುದಿಯುವ ನೀರಿಗೆ ಹಾಕು ಎನ್ನುತ್ತಾರೆ, ಇನ್ನೊಬ್ಬರು ಬ್ಲೀಚಿಂಗ್ ಪುಡಿ ಎನ್ನುತ್ತಾರೆ. ಎರಡಕ್ಕೂ ಧೈರ್ಯ ಬರುತ್ತಿಲ್ಲ. ಇದು ನನಗೆ ಬಹಳ ಪ್ರೀತಿಯ ವಸ್ತು. ತಿಳಿದವರು ದಯವಿಟ್ಟು ಹೇಳಿ.

ಹಾಸನದ ಮೇಷ್ಟ್ರು ಬರೆದದ್ದು:

ಆ ಎರಡು ಸಲಹೆಗಳನ್ನೂ ಕೇಳಬೇಡಿ. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಬ್ಲೀಚಿಂಗ್ ಪುಡಿ ಅದನ್ನೇ ತಿಂದುಹಾಕುತ್ತದೆ. ಕುದಿಯುವ ನೀರು ಕೂದಲನ್ನು ಪೆಡಸು ಮಾಡುವುದಲ್ಲದೆ, ಹಿಡಿಯೊಳಗೆ ಕೂದಲಿನ ಕಟ್ಟನ್ನು ಕೂರಿಸಿದ ಅಂಟನ್ನೂ ಸಡಿಲಿಸುತ್ತದೆ. ನಿಮ್ಮ ಕೈ ಆರಾಮವಾಗಿ ತಾಳುವಷ್ಟು ಬಿಸಿ, ಅದಕ್ಕಿಂತ ಹೆಚ್ಚು ಎಂದಿಗೂ ಬೇಡ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಸಾಬೂನಿನ ಕೊಬ್ಬಿನಾಮ್ಲದೊಂದಿಗೆ ಅವು ಸೇರಿದಾಗ ನೀರಿನಲ್ಲಿ ಕರಗದ ಒಂದು ಜಿಗುಟು ವಸ್ತು ಉಂಟಾಗುತ್ತದೆ. ನೀವು ಕಾಣುತ್ತಿರುವ ಬಿಳಿ ಪದರ ಮುಖ್ಯವಾಗಿ ಅದೇ. ಇದನ್ನು ಸಾಬೂನಿನಿಂದ ತೊಳೆಯಲು ಹೋದರೆ ಅದೇ ನೀರಿನಲ್ಲಿ ಅದೇ ಪದರ ಇನ್ನಷ್ಟು ಬೆಳೆಯುತ್ತದೆ. ಪಾತ್ರೆ ತೊಳೆಯುವ ದ್ರವ ಹಾಗಲ್ಲ. ಅದು ಡಿಟರ್ಜೆಂಟ್, ಗಡಸು ನೀರಿನಲ್ಲಿಯೂ ಗಸಿ ಕಟ್ಟುವುದಿಲ್ಲ.

ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಬ್ರಷ್ ನೆನೆಸಿ, ಅಂಗೈಗೆ ಎರಡು ಹನಿ ಆ ದ್ರವ ಹಾಕಿಕೊಂಡು, ಬೆರಳಿನಿಂದ ಬುಡದವರೆಗೆ ಮೆಲ್ಲಗೆ ತಿಕ್ಕಿ ತೊಳೆಯಿರಿ. ಆಮೇಲೆ ಹತ್ತು ಭಾಗ ನೀರಿಗೆ ಒಂದು ಭಾಗ ಬಿಳಿ ವಿನೆಗರ್ ಬೆರೆಸಿದ ಲೋಟದಲ್ಲಿ ಐದು ನಿಮಿಷ ನಿಲ್ಲಿಸಿ. ಕೂದಲು ಮಾತ್ರ ಮುಳುಗಲಿ, ಹಿಡಿ ಮುಳುಗಬಾರದು. ಹಿಡಿ ಮರದ್ದೋ ಕೊಂಬಿನದೋ ಆಗಿದ್ದರೆ ಇನ್ನೂ ಎಚ್ಚರ ಬೇಕು, ನೆನೆದರೆ ಬಿರುಕು ಬಿಡುತ್ತದೆ.

ಮುಂದಿನದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅದಕ್ಕೇ ಒತ್ತಿ ಹೇಳುತ್ತೇನೆ. ವಿನೆಗರಿನ ಆಮ್ಲ ಕ್ಯಾಲ್ಸಿಯಂ ಅನ್ನು ಕರಗಿಸಿ ಒಯ್ಯುತ್ತದೆ, ನಿಜ. ಆದರೆ ಅದರಿಂದ ಬಿಡಿಸಿಕೊಂಡ ಕೊಬ್ಬಿನಾಮ್ಲ ಮೇಣದಂತೆ ಕೂದಲಿನಲ್ಲೇ ಉಳಿಯುತ್ತದೆ. ಆದ್ದರಿಂದ ವಿನೆಗರಿನ ನಂತರ ಇನ್ನೊಮ್ಮೆ ಅದೇ ದ್ರವದಿಂದ ತೊಳೆಯಲೇಬೇಕು. ಕೊನೆಯ ಜಾಲಾಡುವಿಕೆಗೆ ಬೋರ್‌ವೆಲ್ ನೀರು ಬೇಡ. ಕುಡಿಯಲು ಬಳಸುವ ಆರ್‌ಒ ಫಿಲ್ಟರಿನ ನೀರು ಒಂದು ಲೋಟ ಸಾಕು. ಫಿಲ್ಟರಿನ ಕೊಳವೆಯಿಂದ ಹೊರಹೋಗುವ ನೀರನ್ನು ಉಳಿತಾಯವೆಂದು ಬಳಸಬೇಡಿ, ಅದರಲ್ಲಿ ಲವಣ ಮೊದಲಿಗಿಂತಲೂ ಹೆಚ್ಚಿರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಉಡುಪಿ ಕಡೆಯವನು ಬರೆದದ್ದು:

ಮೇಷ್ಟ್ರು ಹೇಳಿದ್ದು ಸರಿ. ಮುಗ್ಗಲು ವಾಸನೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಬ್ರಷ್ಷನ್ನು ಬಚ್ಚಲುಮನೆಯಲ್ಲಿ ಇಡಲೇಬೇಡಿ. ಮುಖ ತೊಳೆದ ಮೇಲೆ ಅದನ್ನು ಮೆಲ್ಲಗೆ ಹಿಂಡಿ, ಎರಡು ಸಲ ಜೋರಾಗಿ ಕೊಡವಿ, ಒಣ ಟವೆಲಿನ ಮೇಲೆ ಹಿಂದೆ ಮುಂದೆ ಸವರಿ, ಗಾಳಿಯಾಡುವ ಕೋಣೆಯಲ್ಲಿ ಇಡಿ. ಕೂದಲು ಮೇಲಿರಬೇಕೋ ಕೆಳಗಿರಬೇಕೋ ಎಂದು ಜನ ಜಗಳವಾಡುತ್ತಾರೆ. ನನ್ನ ಅನುಭವದಲ್ಲಿ ಗಾಳಿ ಮುಖ್ಯ, ದಿಕ್ಕಲ್ಲ. ಜಡಿಮಳೆಯ ದಿನಗಳಲ್ಲಿ ನಾನು ಎರಡು ಬ್ರಷ್‌ಗಳನ್ನು ದಿನ ಬಿಟ್ಟು ದಿನ ಬಳಸುತ್ತೇನೆ, ಒಂದು ಪೂರ್ತಿ ಒಣಗಲು ಸಮಯ ಸಿಗುತ್ತದೆ.

ಪ್ರಯಾಣಕ್ಕೆಂದು ಕೊಡುವ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಬ್ರಷ್ ಹಾಕಿ ಮರೆಯಬೇಡಿ. ತಿಂಗಳುಗಟ್ಟಲೆ ಬಳಸದೆ ಕಪಾಟಿನಲ್ಲಿಡುವುದಾದರೆ ಉಣ್ಣೆ ಬಟ್ಟೆ ತಿನ್ನುವ ಹುಳು ಇದನ್ನೂ ತಿನ್ನುತ್ತದೆ. ಸಾಬೂನಿನ ಅಂಶ ಉಳಿಯದಂತೆ ತೊಳೆದು, ಚೆನ್ನಾಗಿ ಒಣಗಿಸಿ, ಆಗಾಗ ಹೊರತೆಗೆದು ನೋಡುತ್ತಿರಿ.

ತೀರ್ಥಹಳ್ಳಿಯ ಮೊಮ್ಮಗ ಬರೆದದ್ದು:

ನಡುವೆ ಒಂದು ಪ್ರಶ್ನೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಬ್ರಷ್ ಸಿಕ್ಕಿದೆ. ನೂರು ವರ್ಷದ ಬ್ಯಾಡ್ಜರ್ ಎಂದು ಅಂಗಡಿಯವರು ಹೇಳಿದರು. ಇದೇ ರೀತಿ ತೊಳೆದು ಬಳಸಬಹುದೇ?

ಹಾಸನದ ಮೇಷ್ಟ್ರು ಬರೆದದ್ದು:

ಬೇಡಪ್ಪಾ, ಅದನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡಿ ಸಂತೋಷಪಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲು ಸಿಗುವುದು ಕಷ್ಟವಾದಾಗ, ಕುದುರೆ ಕೂದಲಿಗೆ ಬಣ್ಣ ಕಟ್ಟಿ ಬ್ಯಾಡ್ಜರಿನಂತೆ ಕಾಣಿಸಿ ಮಾರಿದರು. ಸರಿಯಾಗಿ ಶುದ್ಧೀಕರಿಸದ ಆ ಕೂದಲಿನಿಂದ ಅಮೆರಿಕ ಮತ್ತು ಬ್ರಿಟನ್ನಿನ ಸೈನಿಕರಿಗೂ ಕೆಲವು ನಾಗರಿಕರಿಗೂ ಆಂಥ್ರಾಕ್ಸ್ ಎಂಬ ಅಪಾಯಕಾರಿ ರೋಗ ತಗುಲಿತು. 1915ರಿಂದ 1924ರವರೆಗೆ ಇನ್ನೂರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿವೆ. ಆ ರೋಗಾಣುವಿನ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಅದರ ರೂಪ, ದಶಕಗಟ್ಟಲೆ ಬದುಕಬಲ್ಲವು. ಇಂದು ಅಪಾಯ ತೀರಾ ಕಡಿಮೆಯಿರಬಹುದು. ಆದರೆ ವಿನೆಗರಾಗಲಿ ಬಿಸಿನೀರಾಗಲಿ ಬೀಜಕಗಳನ್ನು ಕೊಲ್ಲುವುದಿಲ್ಲ, ಮತ್ತು ಶೇವ್ ಮಾಡುವಾಗ ಚರ್ಮ ಗೀಚುವುದು ಸಾಮಾನ್ಯ. ಹಿಡಿ ಚಂದವಿದ್ದರೆ ಬ್ರಷ್ ಕಟ್ಟುವ ಕುಶಲಕರ್ಮಿಯೊಬ್ಬರನ್ನು ಹುಡುಕಿ ವಿಚಾರಿಸಿ, ಹಳೆಯ ಕೂದಲನ್ನು ಮನೆಯಲ್ಲಿ ನೀವೇ ಕಿತ್ತು ದೂಳೆಬ್ಬಿಸಬೇಡಿ.

ಯಲಹಂಕದವನು ಬರೆದದ್ದು:

ಮೇಷ್ಟ್ರೇ, ನೀವು ಹೇಳಿದ ಹಾಗೆಯೇ ಮಾಡಿದೆ. ವಿನೆಗರಿನ ನೀರು ಮಬ್ಬಾಯಿತು. ಎರಡನೆಯ ಸಲ ದ್ರವದಿಂದ ತೊಳೆದಾಗ ಕೈಗೆ ಮೇಣದ ಜಿಡ್ಡು ಸ್ಪಷ್ಟವಾಗಿ ತಿಳಿಯಿತು. ಒಣಗಿದ ಮೇಲೆ ಬಿಳಿ ತುದಿ, ನಡುವಿನ ಕಪ್ಪು ಪಟ್ಟಿ ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತಿವೆ. ವಾಸನೆ ಹೋಗಿದೆ. ಆದರೆ ನಡುಮಧ್ಯದ ಕೂದಲು ಇನ್ನೂ ಸ್ವಲ್ಪ ಪೆಡಸು, ಮತ್ತು ತೊಳೆಯುವಾಗ ಒಂದಷ್ಟು ಕೂದಲು ಉದುರಿದವು. ತುದಿಯನ್ನು ಕತ್ತರಿಯಿಂದ ಸಮ ಮಾಡಲೇ?

ಹಾಸನದ ಮೇಷ್ಟ್ರು ಬರೆದದ್ದು:

ಕತ್ತರಿ ಮುಟ್ಟಿಸಬೇಡಿ! ಬ್ಯಾಡ್ಜರ್ ಕೂದಲಿನ ಮೃದುತ್ವವೆಲ್ಲ ಅದರ ಸಹಜವಾದ ಚೂಪು ತುದಿಯಲ್ಲಿದೆ, ಕತ್ತರಿಸಿದರೆ ಮುಳ್ಳಾಗುತ್ತದೆ.

ಉದುರಿದ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿ. ಗಿಡ್ಡ ತುಂಡುಗಳಾಗಿದ್ದರೆ ಮುರಿದವು. ಬ್ರಷ್ಷನ್ನು ಒತ್ತಿ ಗರಗರ ತಿರುಗಿಸುವವರಿಗೆ ನಡುಭಾಗದ ಕೂದಲು ಹೀಗೆ ಮುರಿದು ಗುಳಿ ಬೀಳುತ್ತದೆ. ಒತ್ತಡ ತಗ್ಗಿಸಿ, ಸುಣ್ಣ ಬಳಿಯುವ ಹಾಗೆ ಅತ್ತಿತ್ತ ಆಡಿಸಿ. ಪೂರ್ತಿ ಉದ್ದದ ಕೂದಲಾಗಿದ್ದರೆ, ಒಂದೆರಡು ಬಂದರೆ ಚಿಂತೆಯಿಲ್ಲ. ಗೊಂಚಲಾಗಿ ಬರುತ್ತಿದ್ದರೆ ಬುಡದ ಅಂಟು ಸೋತಿದೆ ಎಂದರ್ಥ, ಆಗ ತೊಳೆದು ಪ್ರಯೋಜನವಿಲ್ಲ.

ಮಧ್ಯದ ಪೆಡಸುತನಕ್ಕೆ ಮುಂದಿನ ವಾರ ಇನ್ನೊಮ್ಮೆ ವಿನೆಗರ್ ಮಾಡಿ. ಈ ಸಲ ಹೆಬ್ಬೆರಳಿನಿಂದ ಕೂದಲನ್ನು ಎರಡಾಗಿ ಬಗೆದು ಒಳಗೆ ನೀರು ಹೋಗುವಂತೆ ನೋಡಿಕೊಳ್ಳಿ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಸಾಕು, ಪದೇಪದೇ ಆಮ್ಲ ಬೇಡ. ನೊರೆ ಕಲಸುವುದಕ್ಕೂ ಆರ್‌ಒ ನೀರನ್ನೇ ಬಳಸಿ. ಒಂದು ಸಣ್ಣ ಲೋಟ ಸಾಕು, ನಿಮ್ಮ ನೊರೆ ತೆಳುವಾಗಲು ಅರ್ಧ ಕಾರಣ ಆ ಬೋರ್‌ವೆಲ್ ನೀರೇ.